ಆರು ಜನರ ರಿಲೇ ತಂಡದಲ್ಲಿ ನಾನೇ ನಿಧಾನ: ಉಳಿಯಬೇಕೇ, ಬಿಟ್ಟುಕೊಡಬೇಕೇ?

ಪ್ರಶ್ನೆ: ದಾವಣಗೆರೆಯ ಬ್ಯಾಂಕ್ ನೌಕರ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಾವು ಆರು ಮಂದಿ ನಾಲ್ಕು ವರ್ಷಗಳಿಂದ ಬೆಳಗಿನ ಹೊತ್ತು ಒಟ್ಟಿಗೆ ಓಡುತ್ತಿದ್ದೇವೆ. ನಮ್ಮಲ್ಲಿ ಯಾರೂ ಕ್ರೀಡಾಪಟುಗಳಲ್ಲ. ಒಬ್ಬರು ಎಪಿಎಂಸಿಯಲ್ಲಿ ದಲಾಲಿ ಅಂಗಡಿ ನಡೆಸುತ್ತಾರೆ, ಇಬ್ಬರು ಉಪನ್ಯಾಸಕರು, ಒಬ್ಬರದು ಔಷಧದ ಅಂಗಡಿ, ಒಬ್ಬ ಹುಡುಗ ಎಂಜಿನಿಯರಿಂಗ್ ಓದುತ್ತಿದ್ದಾನೆ. ನನಗೆ ಈಗ 48 ವರ್ಷ. ತಂಡದಲ್ಲಿ ಹಿರಿಯನೂ ನಾನೇ, ನಿಧಾನದವನೂ ನಾನೇ.

ಕಳೆದ ಜನವರಿಯಲ್ಲಿ ಚಿತ್ರದುರ್ಗದ ಕೋಟೆಯ ಬುಡದಿಂದ ಹೊರಟು ದಾವಣಗೆರೆಯವರೆಗೆ ಸರದಿಯ ಮೇಲೆ ಓಡಿದೆವು. ಹೆದ್ದಾರಿಯಲ್ಲಿ ಬಂದರೆ ಸುಮಾರು 60 ಕಿಲೋಮೀಟರ್ ದೂರ. ಆದರೆ ಲಾರಿಗಳ ನಡುವೆ ಓಡುವುದು ಬೇಡವೆಂದು ಸಾಧ್ಯವಿದ್ದಲ್ಲೆಲ್ಲ ಸರ್ವಿಸ್ ರಸ್ತೆ ಮತ್ತು ಹಳ್ಳಿಯ ರಸ್ತೆಗಳನ್ನೇ ಹಿಡಿದು, ಭರಮಸಾಗರ, ಆನಗೋಡು ದಾಟಿ ಬಂದದ್ದರಿಂದ ಒಟ್ಟು 66 ಕಿಲೋಮೀಟರ್ ಆಯಿತು. ಐದೂವರೆ ಕಿಲೋಮೀಟರಿನ ಹನ್ನೆರಡು ಸರದಿಗಳು, ತಲೆಗೆ ಎರಡರಂತೆ. ಬೆಳಗಿನ ಐದು ಗಂಟೆಗೆ ಹೊರಟವರು ತಲುಪಿದ್ದು ಮಧ್ಯಾಹ್ನ 12 ಗಂಟೆ 50 ನಿಮಿಷಕ್ಕೆ.

ಉಳಿದ ಐವರು ಒಂದೊಂದು ಸರದಿಗೆ ಸರಾಸರಿ 33 ನಿಮಿಷ ತೆಗೆದುಕೊಂಡರು. ನನಗೆ ಮೊದಲ ಸರದಿಗೆ 44 ನಿಮಿಷ, ಎರಡನೆಯದಕ್ಕೆ 49 ನಿಮಿಷ ಹಿಡಿಯಿತು. ಹಿರಿಯನೆಂಬ ಗೌರವದಿಂದ ಊರು ಮುಟ್ಟುವ ಕೊನೆಯ ಸರದಿಯನ್ನು ನನಗೇ ಬಿಟ್ಟಿದ್ದರು. ಹಾಗಾಗಿ ನಾನು ಆರನೆಯವನಾಗಿಯೂ ಹನ್ನೆರಡನೆಯವನಾಗಿಯೂ ಓಡಿದೆ. ಎರಡರ ನಡುವೆ ಮೂರು ಗಂಟೆಗೂ ಹೆಚ್ಚು ಕಾಲ ವಾಹನದಲ್ಲಿ ಕುಳಿತಿದ್ದು, ಹಸಿವಾಯಿತೆಂದು ಮಂಡಕ್ಕಿ ಮೆಣಸಿನಕಾಯಿ ತಿಂದು, ಹನ್ನೆರಡರ ಬಿಸಿಲಿಗೆ ಇಳಿದಾಗ ಮೀನಖಂಡ ಮರದ ತುಂಡಿನಂತೆ ಬಿಗಿದಿತ್ತು. ಕೊನೆಯ ಎರಡು ಕಿಲೋಮೀಟರಿನಲ್ಲಿ ಓಡಿದ್ದಕ್ಕಿಂತ ನಡೆದದ್ದೇ ಹೆಚ್ಚು.

ಯಾರೂ ನನ್ನನ್ನು ದೂರಲಿಲ್ಲ. ಆದರೆ ಮುಂದಿನ ಜನವರಿಯಲ್ಲಿ ಏಳು ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಬಂದಾಗಿನಿಂದ, ನನ್ನ ಜಾಗವನ್ನು ಒಬ್ಬ ಯುವಕನಿಗೆ ಬಿಟ್ಟುಕೊಡುವುದೇ ನ್ಯಾಯವೇನೋ ಎಂದು ಮನಸ್ಸು ಹೇಳುತ್ತಿದೆ. ಬಿಟ್ಟುಕೊಟ್ಟರೆ ನನಗೆ ತುಂಬ ದುಃಖವಾಗುತ್ತದೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಉಳಿಯುವುದಾದರೆ ಯಾವ ಸರದಿ ನನಗೆ ತಕ್ಕದ್ದು, ಎರಡನೆಯ ಸರದಿಗೆ ದೇಹವನ್ನು ಹೇಗೆ ಸಿದ್ಧವಾಗಿಟ್ಟುಕೊಳ್ಳಬೇಕು ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ. ಗೆಳೆಯರಲ್ಲಿ ಕೆಲವರು ಜನವರಿಯವರೆಗೆ ಕಾಯದೆ ಜುಲೈ ತಿಂಗಳಲ್ಲೇ ಓಡೋಣ ಎನ್ನುತ್ತಿದ್ದಾರೆ. ಅದರ ಬಗ್ಗೆಯೂ ಒಂದು ಮಾತು ಹೇಳಿ.

ಉತ್ತರ: ಚಿತ್ರದುರ್ಗದ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ

ನಮಸ್ಕಾರ. ನೀವು ಕೊಟ್ಟಿರುವ ಅಂಕಿಗಳನ್ನೇ ಒಂದು ಹಾಳೆಯ ಮೇಲೆ ಬರೆದು ಕೂಡಿಸಿ ನೋಡಿದೆ. ನೀವೂ ಒಮ್ಮೆ ಕೂಡಿಸಿ ನೋಡಬೇಕಿತ್ತು.

ಐವರ ಹತ್ತು ಸರದಿಗಳಿಗೆ 330 ನಿಮಿಷ, ನಿಮ್ಮ ಎರಡು ಸರದಿಗಳಿಗೆ 93 ನಿಮಿಷ, ಒಟ್ಟು 423 ನಿಮಿಷ. ಆದರೆ ನೀವು ತಲುಪಿದ್ದು 470 ನಿಮಿಷಗಳಿಗೆ. ಅಂದರೆ 47 ನಿಮಿಷಗಳ ಕಾಲ ರಸ್ತೆಯ ಮೇಲೆ ನಿಮ್ಮ ತಂಡದ ಯಾರೊಬ್ಬರೂ ಓಡುತ್ತಿರಲಿಲ್ಲ! ಹನ್ನೊಂದು ಕಡೆ ಒಬ್ಬರು ನಿಂತು ಇನ್ನೊಬ್ಬರು ಹೊರಡುವ ನಡುವೆ, ಸರಾಸರಿ ಒಂದೊಂದು ಕಡೆ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ಸೋರಿಹೋಗಿದೆ. ನಿಮ್ಮ ನಿಧಾನದಿಂದ ತಂಡಕ್ಕೆ ಹೆಚ್ಚುವರಿಯಾಗಿ ತಗಲಿದ್ದು 27 ನಿಮಿಷ ಮಾತ್ರ. ನಿಮ್ಮ ಜಾಗದಲ್ಲಿ ಚುರುಕಾದ ಯುವಕನನ್ನು ತಂದು, ಉಳಿದದ್ದನ್ನೆಲ್ಲ ಇದ್ದ ಹಾಗೆಯೇ ಬಿಟ್ಟರೆ ಏಳು ಗಂಟೆ 23 ನಿಮಿಷವಾಗುತ್ತದೆ. ನೀವೇ ಉಳಿದು, ಪ್ರತಿ ಹಸ್ತಾಂತರವನ್ನು ಅರ್ಧ ನಿಮಿಷದೊಳಗೆ ಮುಗಿಸಿದರೆ ಏಳು ಗಂಟೆ ಒಂಬತ್ತು ನಿಮಿಷ. ತಂಡ ಮೊದಲು ರಿಪೇರಿ ಮಾಡಿಕೊಳ್ಳಬೇಕಾದದ್ದು ಯಾವುದು ಎಂಬುದು ಇದರಲ್ಲೇ ಇದೆ. ಮುಂದಿನವನು ವಾಹನದಲ್ಲಿ ನಿದ್ದೆ ಮಾಡುತ್ತಿರುವುದು, ಷೂ ಹುಡುಕುವುದು, ಬಯಲಿಗೆ ಹೋಗಿರುವುದು, ಎಲ್ಲರೂ ಸೇರಿ ಫೋಟೋ ತೆಗೆಸಿಕೊಳ್ಳುವುದು: ಹವ್ಯಾಸಿ ತಂಡಗಳಲ್ಲಿ ಸಮಯ ಹೋಗುವುದು ಇಲ್ಲಿಯೇ.

ಎಲ್ಲರೂ ಸಮನಾದ ದೂರ ಓಡಬೇಕು ಎಂಬ ನಿಯಮವನ್ನು ನಿಮಗೆ ಯಾರೂ ಹಾಕಿಲ್ಲ. ದೂರದ ರಿಲೇ ಓಟವನ್ನು ದೊಡ್ಡ ಸಂಪ್ರದಾಯವಾಗಿ ಬೆಳೆಸಿದವರು ಜಪಾನಿನವರು. ಅವರು ಅದನ್ನು ಎಕಿಡೆನ್ ಎನ್ನುತ್ತಾರೆ. 1917ರಲ್ಲಿ ಕ್ಯೋಟೋದಿಂದ ಟೋಕಿಯೋವರೆಗೆ ಸುಮಾರು 508 ಕಿಲೋಮೀಟರ್ ದೂರವನ್ನು 23 ಭಾಗಗಳಾಗಿ ಹಂಚಿಕೊಂಡು ಮೂರು ದಿನ ಓಡಿದ್ದು ಅದರ ಆರಂಭ. ಮ್ಯಾರಥಾನ್ ದೂರವನ್ನು ಆರು ಜನ ಹಂಚಿಕೊಳ್ಳುವ ಕ್ರಮದಲ್ಲೂ ಭಾಗಗಳು ಕ್ರಮವಾಗಿ 5, 10, 5, 10, 5 ಮತ್ತು 7.195 ಕಿಲೋಮೀಟರ್ ಇರುತ್ತವೆ. ಯಾರ ಕಾಲಿಗೆ ಯಾವ ಭಾಗ ಒಗ್ಗುತ್ತದೆ ಎಂದು ತೂಗಿ ನೋಡುವುದೇ ಅಲ್ಲಿ ತರಬೇತುದಾರನ ದೊಡ್ಡ ಕೆಲಸ. ನೀವು ತಲಾ ನಾಲ್ಕು ಕಿಲೋಮೀಟರಿನ ಎರಡು ಸರದಿ ಓಡಿರಿ. ಉಳಿಯುವ ಮೂರು ಕಿಲೋಮೀಟರನ್ನು ಆ ಎಂಜಿನಿಯರಿಂಗ್ ಹುಡುಗ ಮತ್ತು ಇನ್ನೊಬ್ಬರು ಹಂಚಿಕೊಳ್ಳಲಿ. ನಿಮ್ಮ ಮೊದಲ ಸರದಿಯ ವೇಗವನ್ನೇ ಎರಡರಲ್ಲೂ ಇಟ್ಟುಕೊಂಡರೆ ನಿಮ್ಮ 64, ಉಳಿದವರ 348, ಹಸ್ತಾಂತರಗಳ 6, ಒಟ್ಟು 418 ನಿಮಿಷ. ಏಳು ಗಂಟೆಗೆ ಎರಡು ನಿಮಿಷ ಕಡಿಮೆ.

ಕೊನೆಯ ಸರದಿಯನ್ನು ಮಾತ್ರ ದಯವಿಟ್ಟು ಒಪ್ಪಿಕೊಳ್ಳಬೇಡಿ. ನಿಮ್ಮ ಗೆಳೆಯರು ಪ್ರೀತಿಯಿಂದ ಕೊಟ್ಟಿದ್ದರೂ ಅದು ಅತಿ ಹೆಚ್ಚು ಬಿಸಿಲಿನ ಸರದಿ. ನೀವು ಮೊದಲನೆಯವರಾಗಿ ಹೊರಡಿ. ಐದು ಗಂಟೆಯ ತಂಪಿನಲ್ಲಿ ನಿಧಾನದವರಿಗೂ ಉಸಿರು ಕಟ್ಟುವುದಿಲ್ಲ.

ಜುಲೈ ಬೇಡ. ನಮ್ಮ ಜೋಗಿಮಟ್ಟಿ ಬೆಟ್ಟದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಪಶ್ಚಿಮದಿಂದ ಬೀಸುವ ಗಾಳಿ ವಾಯುವ್ಯದ ಕಡೆಗೆ ಓಡುವ ನಿಮ್ಮ ಮುಖಕ್ಕೇ ಬಡಿಯುತ್ತದೆ. ಜನವರಿಯಲ್ಲಿ ಗಾಳಿ ಮೂಡಣದ ಕಡೆಯಿಂದ ಬರುತ್ತದೆ, ಹಗುರವಾಗಿಯೂ ಇರುತ್ತದೆ. ದುರ್ಗಕ್ಕಿಂತ ದಾವಣಗೆರೆ ಸುಮಾರು 130 ಮೀಟರ್ ತಗ್ಗಿನಲ್ಲಿರುವುದೂ ನಿಮಗೆ ಅನುಕೂಲವೇ.

ಉತ್ತರ: ಹೊಳಲ್ಕೆರೆಯ ಓಟಗಾರ್ತಿ

ಗುರುಗಳ ಲೆಕ್ಕವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಆದರೆ ಮೊದಲ ಸರದಿಯ ಸಲಹೆಯನ್ನು ಒಪ್ಪಲಾರೆ. ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಆರೂಮುಕ್ಕಾಲರ ಸುಮಾರಿಗೆ. ಐದು ಗಂಟೆಗೆ ಹೊರಟರೆ ಮೊದಲ ಎರಡು ಸರದಿಗಳು ಪೂರ್ತಿ ಕತ್ತಲೆಯಲ್ಲಿಯೇ ಮುಗಿಯುತ್ತವೆ. ಕತ್ತಲೆಯ ಹಳ್ಳಿ ರಸ್ತೆಯಲ್ಲಿ ನಿಧಾನವಾಗಿ ಓಡುವವರು ಹೆಚ್ಚು ಹೊತ್ತು ಅಪಾಯಕ್ಕೆ ಒಡ್ಡಿಕೊಂಡಿರುತ್ತಾರೆ, ಗುಂಡಿ ಕಾಣದೆ ಕಾಲು ಉಳುಕಿದರೆ ಆ ದಿನದ ಎರಡನೆಯ ಸರದಿಯೂ ಕೈತಪ್ಪುತ್ತದೆ. ನೀವು ನಾಲ್ಕನೆಯವರಾಗಿ ಓಡಿರಿ. ಸುಮಾರು ಆರು ಗಂಟೆ ನಲವತ್ತಕ್ಕೆ ಹೊರಟು ಏಳೂಕಾಲಿಗೆ ಮುಗಿಸುತ್ತೀರಿ. ಬೆಳಕೂ ಇರುತ್ತದೆ, ತಂಪೂ ಇರುತ್ತದೆ. ಎರಡನೆಯ ಸುತ್ತಿನಲ್ಲಿ ಅದೇ ಕ್ರಮವನ್ನು ಇಟ್ಟುಕೊಳ್ಳಬೇಕಾಗಿಲ್ಲ. ಒಂಬತ್ತನೆಯ ಸರದಿಯನ್ನು ತೆಗೆದುಕೊಂಡರೆ ಒಂಬತ್ತೂವರೆಗೆ ಹೊರಟು ಹತ್ತು ಗಂಟೆಯ ಸುಮಾರಿಗೆ ನಿಮ್ಮ ಕೆಲಸ ಮುಗಿದಿರುತ್ತದೆ, ಬಿಸಿಲೇರುವ ಮೊದಲೇ.

ಕತ್ತಲೆಯಲ್ಲಿ ಓಡುವವರು ಯಾರೇ ಆಗಿರಲಿ, ಹಣೆಗೆ ದೀಪ, ಎದೆಗೂ ಬೆನ್ನಿಗೂ ಬೆಳಕು ಮಿನುಗಿಸುವ ಜಾಕೆಟ್ ಬೇಕೇ ಬೇಕು. ರಸ್ತೆಯ ಬಲಗಡೆಯಲ್ಲಿ, ಎದುರಿಗೆ ಬರುವ ವಾಹನವನ್ನು ನೋಡುತ್ತಾ ಓಡಬೇಕು. ಸಾಧ್ಯವಾದರೆ ಒಬ್ಬರು ಬೈಕಿನಲ್ಲಿ ಹಿಂದೆ ಬರಬೇಕು. ಸರ್ವಿಸ್ ರಸ್ತೆ ಎಲ್ಲಿ ಕಡಿದುಹೋಗುತ್ತದೋ ಅಲ್ಲಿ ಹೆದ್ದಾರಿಯ ಅಂಚಿಗೆ ಹತ್ತದೆ, ಆ ತುಂಡನ್ನು ವಾಹನದಲ್ಲಿ ದಾಟಿ, ಅಷ್ಟೇ ದೂರವನ್ನು ಮುಂದೆ ಹಳ್ಳಿಯ ರಸ್ತೆಯಲ್ಲಿ ಸೇರಿಸಿಕೊಳ್ಳಿ. ನಿಮ್ಮದು ಪಂದ್ಯವಲ್ಲ; ಆಕ್ಷೇಪಿಸುವ ತೀರ್ಪುಗಾರರಿಲ್ಲ. ದಾರಿಯ ಪೊಲೀಸ್ ಠಾಣೆಗಳಿಗೆ ಹಿಂದಿನ ದಿನವೇ ತಿಳಿಸಿರಿ. 108 ಮತ್ತು 112ರ ಜೊತೆಗೆ ಹೆದ್ದಾರಿಯ ಸಹಾಯವಾಣಿ 1033 ಕೂಡ ಎಲ್ಲರ ಫೋನಿನಲ್ಲಿರಲಿ.

ಹಸ್ತಾಂತರದ ವಿಷಯ. ನಮ್ಮ ತಂಡದಲ್ಲಿ ನಾವು ಕೋಲಿನ ಬದಲು ಕೆಂಪು ಶಲ್ಯವೊಂದನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಧರಿಸುತ್ತೇವೆ. ಜಪಾನಿನವರ ತಸುಕಿಯೂ ಹೀಗೆಯೇ ಧರಿಸುವ ಬಟ್ಟೆಯ ಪಟ್ಟಿ ಎಂದು ಆಮೇಲೆ ತಿಳಿಯಿತು. ಎರಡೂ ಕೈ ಬಿಡುವಾಗಿರುತ್ತವೆ, ಹಗಲಿನಲ್ಲಿ ದೂರದಿಂದಲೇ ಕಾಣುತ್ತದೆ. ಕತ್ತಲೆಯ ಸರದಿಗಳಲ್ಲಿ ಅದರ ತುದಿಗೆ ಎರಡು ಗೆಜ್ಜೆ ಕಟ್ಟುತ್ತೇವೆ. ಕಾಯುತ್ತಿರುವವರು ಸದ್ದು ಕೇಳಿಯೇ ಎದ್ದು ನಿಲ್ಲುತ್ತಾರೆ. ಇದು ಹೊಸ ಉಪಾಯವೇನಲ್ಲ. ಹಿಂದೆ ಅಂಚೆಯ ಚೀಲ ಹೊತ್ತು ಓಡುತ್ತಿದ್ದವರು ಕೋಲಿಗೆ ಗೆಜ್ಜೆ ಕಟ್ಟಿಕೊಳ್ಳುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋಗುವವರೆಗೂ ಈ ಸೀಮೆಯ ಕಾಗದಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಾ ಊರು ಸೇರುತ್ತಿದ್ದವು. ಶಲ್ಯ ಕೊಡುವಾಗ ನನಗೆ ಪ್ರತಿ ಸಲವೂ ಅವರ ನೆನಪಾಗುತ್ತದೆ.

ಹಸ್ತಾಂತರದ ಜಾಗಗಳು ಬಸ್ ತಂಗುದಾಣ, ಅರಳಿಕಟ್ಟೆ, ಶಾಲೆಯ ಗೇಟು ಮುಂತಾದ ತಪ್ಪಿಸಿಕೊಳ್ಳಲಾಗದ ಗುರುತುಗಳಾಗಿರಲಿ. ಫೋನಿನ ನಕ್ಷೆಯ ಚುಕ್ಕಿಯನ್ನಷ್ಟೇ ನಂಬಬೇಡಿ. ಮುಂದಿನವರು ಹತ್ತು ನಿಮಿಷ ಮೊದಲೇ ವಾಹನದಿಂದ ಇಳಿದು, ಮೈ ಬಿಸಿ ಮಾಡಿಕೊಂಡು, ಷೂ ಬಿಗಿದುಕೊಂಡು ನಿಂತಿರಬೇಕು. ಓಡುತ್ತಿರುವವರು ಅರ್ಧ ದೂರ ದಾಟಿದ ಕೂಡಲೇ ವಾಹನ ಮುಂದಿನ ಗುರುತಿಗೆ ಹೊರಟುಬಿಡಬೇಕು. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1982ರಿಂದ ನಡೆಯುತ್ತಿರುವ ಹುಡ್ ಟು ಕೋಸ್ಟ್ ರಿಲೇಯಲ್ಲಿ ಹನ್ನೆರಡು ಜನ 36 ಸರದಿಗಳನ್ನು ಎರಡು ವ್ಯಾನುಗಳಲ್ಲಿ ನಿಭಾಯಿಸುತ್ತಾರೆ. ಒಂದು ವ್ಯಾನಿನವರು ಓಡುತ್ತಿರುವಾಗ ಇನ್ನೊಂದರವರು ಊಟ ಮಾಡಿ ಮಲಗುತ್ತಾರೆ. ನಿಮ್ಮ ಆರು ಜನಕ್ಕೆ ಒಂದು ಕಾರು, ಒಂದು ಬೈಕು ಸಾಕು. ಆದರೆ ಚಾಲಕರು ಓಟಗಾರರಲ್ಲಿ ಒಬ್ಬರಾಗಿರಬಾರದು. ದಣಿದವರು ಸ್ಟೀರಿಂಗ್ ಹಿಡಿಯುವುದನ್ನು ನಾನು ಕಣ್ಣಾರೆ ನೋಡಿ ಹೆದರಿದ್ದೇನೆ.

ಉತ್ತರ: ದಾವಣಗೆರೆಯ ಫಿಸಿಯೋಥೆರಪಿಸ್ಟ್

ನಿಮ್ಮ ಎರಡನೆಯ ಸರದಿ ಕೆಟ್ಟದ್ದಕ್ಕೆ ವಯಸ್ಸಿಗಿಂತ ಆ ಮೂರು ಗಂಟೆಗಳೇ ಹೆಚ್ಚು ಕಾರಣವೆಂದು ನನಗೆ ಅನ್ನಿಸುತ್ತದೆ. ಬೆವರಿದ ಬಟ್ಟೆಯಲ್ಲೇ ಮೊಣಕಾಲು ಮಡಿಸಿ ಕುಳಿತರೆ ಸ್ನಾಯುಗಳು ಬಿಗಿಯುವುದು ಸಹಜ. ಓಟ ಮುಗಿದ ಕೂಡಲೇ ಕಾರಿಗೆ ಹತ್ತದೆ ಎಂಟು ಹತ್ತು ನಿಮಿಷ ನಡೆಯಿರಿ, ಬಟ್ಟೆ ಮತ್ತು ಕಾಲುಚೀಲ ಬದಲಾಯಿಸಿರಿ. ಆಮೇಲೂ ವಾಹನ ನಿಂತಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ಹಾಕಿರಿ.

ಮೊದಲ ಅರ್ಧ ಗಂಟೆಯೊಳಗೆ ಬಾಳೆಹಣ್ಣು, ಮೊಸರವಲಕ್ಕಿ ಅಥವಾ ಎರಡು ಇಡ್ಲಿಯಂತಹ ಹಗುರವಾದ ಆಹಾರ ತೆಗೆದುಕೊಳ್ಳಿ. ಮುಂದಿನ ಸರದಿಗೆ ಒಂದೂವರೆ ಗಂಟೆ ಇರುವಾಗ ಗಟ್ಟಿ ಆಹಾರ ನಿಲ್ಲಿಸಿರಿ. ಕರಿದ ಮೆಣಸಿನಕಾಯಿಯನ್ನು, ಹಾಗೆಯೇ ನಮ್ಮೂರಿನ ಬೆಣ್ಣೆ ದೋಸೆಯನ್ನು, ಊರು ಮುಟ್ಟಿದ ಮೇಲೆ ಸಂತೋಷವಾಗಿ ತಿನ್ನಿರಿ. ಎಣ್ಣೆ ಮತ್ತು ಬೆಣ್ಣೆ ಹೊಟ್ಟೆಯಿಂದ ಬೇಗ ಕೆಳಗಿಳಿಯುವುದಿಲ್ಲ. ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಸೋಡಿಯಂ ತಗ್ಗುವ ಅಪಾಯವಿದೆ. ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ದೊಡ್ಡ ಪೊಟ್ಟಣದ ಓಆರ್‌ಎಸ್ ಅನ್ನು ಸರಿಯಾಗಿ ಒಂದು ಲೀಟರ್ ನೀರಿನಲ್ಲಿ ಕರಗಿಸಿ, ಬಾಯಾರಿಕೆಗೆ ತಕ್ಕಂತೆ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ.

ಅಭ್ಯಾಸದಲ್ಲಿ ನೀವು ಒಂದೇ ಬಾರಿಗೆ ಹತ್ತು ಕಿಲೋಮೀಟರ್ ಓಡುತ್ತಿದ್ದಿರಬಹುದು. ರಿಲೇಗೆ ಅದಕ್ಕಿಂತ ಉಪಯುಕ್ತವಾದದ್ದು ವಿರಾಮದ ನಂತರ ಮತ್ತೆ ಓಡುವ ಅಭ್ಯಾಸ. ಹದಿನೈದು ದಿನಕ್ಕೊಮ್ಮೆ ಭಾನುವಾರ ಆರೂವರೆಗೆ ನಾಲ್ಕು ಕಿಲೋಮೀಟರ್, ಎರಡು ಗಂಟೆ ಬಿಟ್ಟು ಮತ್ತೆ ಮೂರು ಕಿಲೋಮೀಟರ್ ಓಡಿ ನೋಡಿರಿ. ಮೈ ಒಗ್ಗಿದ ಮೇಲೆ ಎರಡನೆಯದನ್ನೂ ನಾಲ್ಕಕ್ಕೆ ಏರಿಸಿರಿ. ದಾರಿಯಲ್ಲಿ ಇಳಿಜಾರುಗಳಿರುವುದರಿಂದ ತೊಡೆಯ ಮುಂಭಾಗಕ್ಕೆ ಶ್ರಮ ಬೀಳುತ್ತದೆ. ವಾರಕ್ಕೆ ಎರಡು ದಿನ ಮೆಟ್ಟಿಲು ಇಳಿಯುವ ಅಭ್ಯಾಸವನ್ನೂ ಸೇರಿಸಿಕೊಳ್ಳಿ. ಓಡುವಾಗ ಎದೆಯಲ್ಲಿ ಬಿಗಿತ, ತಲೆ ಸುತ್ತು, ಅಸಹಜವಾದ ಉಸಿರಾಟ ಕಾಣಿಸಿಕೊಂಡರೆ ಅಲ್ಲಿಯೇ ನಿಲ್ಲಿಸಬೇಕು. ನಿಮ್ಮ ವಯಸ್ಸಿನವರು ತಯಾರಿ ಆರಂಭಿಸುವ ಮೊದಲು ಒಮ್ಮೆ ವೈದ್ಯರನ್ನು ಕಾಣುವುದು ಅಗತ್ಯ.

ಪ್ರಶ್ನೆ ಕೇಳಿದವರ ಮರುಮಾತು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ಸಂಜೆ ಗೆಳೆಯರನ್ನೆಲ್ಲ ಮನೆಗೆ ಕರೆದು ಗುರುಗಳ ಲೆಕ್ಕವನ್ನು ಓದಿ ಹೇಳಿದೆ. 47 ನಿಮಿಷದ ಮಾತು ಬಂದಾಗ ಎಲ್ಲರೂ ಸುಮ್ಮನಾದರು. ನಂತರ ದಲಾಲಿ ಅಂಗಡಿಯ ಗೆಳೆಯರು ತಾವೇ, ಭರಮಸಾಗರದ ಹತ್ತಿರ ವಾಹನ ಬೇರೆ ಕಡೆ ನಿಂತಿದ್ದರಿಂದ ಹನ್ನೆರಡು ನಿಮಿಷ ಹೋಯಿತು, ಅದು ತಮ್ಮ ತಪ್ಪು ಎಂದು ಹೇಳಿದರು. ಅಂದಿನಿಂದ ಅದು ಅವರ ಮನಸ್ಸಿನಲ್ಲಿಯೂ ಕೊರೆಯುತ್ತಿತ್ತಂತೆ.

ನಾನು ತಂಡದಲ್ಲಿ ಉಳಿಯುತ್ತೇನೆ; ನಾಲ್ಕನೆಯ ಮತ್ತು ಒಂಬತ್ತನೆಯ ಸರದಿ, ತಲಾ ನಾಲ್ಕು ಕಿಲೋಮೀಟರ್. ಜುಲೈ ಮಾತನ್ನು ಕೈಬಿಟ್ಟಿದ್ದೇವೆ. ಕಾರು ಓಡಿಸಲು ಔಷಧದ ಅಂಗಡಿಯವರ ತಮ್ಮ ಒಪ್ಪಿದ್ದಾರೆ. ಬರುವ ಭಾನುವಾರ ಕೊಂಡಜ್ಜಿಯ ರಸ್ತೆಯಲ್ಲಿ ಒಂದೊಂದು ಕಿಲೋಮೀಟರಿಗೆ ಒಬ್ಬರಂತೆ ನಿಂತು ಹಸ್ತಾಂತರವನ್ನಷ್ಟೇ ಅಭ್ಯಾಸ ಮಾಡಲಿದ್ದೇವೆ. ಶಲ್ಯಕ್ಕೆ ಗೆಜ್ಜೆ ಹೊಲಿದುಕೊಡುವುದಾಗಿ ನನ್ನ ಮಗಳು ಹೇಳಿದ್ದಾಳೆ.