ಕಾರಿನ ಸಣ್ಣಪುಟ್ಟ ಕೆಲಸ ನಾನೇ ಕಲಿಯಬೇಕು, ಎಲ್ಲಿಂದ ಶುರು ಮಾಡಲಿ?

ವಿಜಯಪುರದ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಇಂಡಿ ಕಡೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಮನೆ ವಿಜಯಪುರದಲ್ಲಿ. ದಿನಾ ಹೋಗಿ ಬರೋಕೆ 2011ರ ಸಣ್ಣ ಪೆಟ್ರೋಲ್ ಕಾರು ಸೆಕೆಂಡ್ ಹ್ಯಾಂಡ್ ತಗೊಂಡು ಎಂಟು ತಿಂಗಳಾಯ್ತು. ಓಡಿಸಲು ಚೆನ್ನಾಗಿ ಬರುತ್ತದೆ. ಬಾನೆಟ್ ಕೆಳಗೆ ಏನಿದೆ ಅಂತ ಮಾತ್ರ ಗೊತ್ತಿಲ್ಲ.

ಹೋದ ಭಾನುವಾರ ಅವ್ವನನ್ನು ಕರೆದುಕೊಂಡು ಬಾಗಲಕೋಟೆಗೆ ಹೊರಟಿದ್ದೆ. ಕೊಲ್ಹಾರ ಇನ್ನೂ ಬಂದಿರಲಿಲ್ಲ, ಕೆಂಪು ದೀಪ ಹತ್ತಿತು. ಬಾನೆಟ್ ಎತ್ತಿದರೆ ಬರೀ ಹಬೆ. ಮಟಮಟ ಮಧ್ಯಾಹ್ನ, ನೆರಳು ಅಂದರೆ ಒಂದು ಜಾಲಿ ಗಿಡ. ಅವ್ವ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಒಂದು ತಾಸು ಕೂತಳು, ಒಂದು ಮಾತೂ ಆಡಲಿಲ್ಲ. ಆಮೇಲೆ ಟ್ರ್ಯಾಕ್ಟರ್‌ನವರೊಬ್ಬರು ನಿಲ್ಲಿಸಿದರು. ಇಂಜಿನ್ ತಣ್ಣಗಿಡೋ ನೀರು ಇರುತ್ತದಲ್ಲ, ಆ ರೇಡಿಯೇಟರ್‌ನ ಪೈಪಿನ ಕ್ಲಿಪ್ ಸಡಿಲಾಗಿತ್ತು. ಸ್ಕ್ರೂಡ್ರೈವರ್‌ನಿಂದ ನಾಲ್ಕು ಸುತ್ತು ಬಿಗಿ ಮಾಡಿ, ಹೊಲದ ಬೋರಿನ ನೀರು ತುಂಬಿಕೊಟ್ಟರು. ಎರಡೇ ನಿಮಿಷದ ಕೆಲಸ. ಅಂಥದೇ ಸ್ಕ್ರೂಡ್ರೈವರ್ ನನ್ನ ಡಿಕ್ಕಿಯಲ್ಲೂ ಇತ್ತು! ಅದಕ್ಕೇ ಕಲಿಯಬೇಕು ಅಂತ ಹಟ ಬಂದಿದೆ.

ಬಾಗಲಕೋಟೆ ಮೆಕ್ಯಾನಿಕ್:
ಅಕ್ಕೋರೇ, ಮೊದಲು ಆ ಬೋರಿನ ನೀರಿನ ಮಾತು. ನಮ್ಮ ಕಡೆ ಸವಳು ನೀರು ಜಾಸ್ತಿ. ನೀರು ಕಾಯಿಸೋ ಪಾತ್ರೆಯ ತಳ ನೋಡಿ, ಬಿಳಿ ಪದರ ಕೂತಿರುತ್ತದೆ ಅಲ್ವಾ? ಅದೇ ಪದರ ರೇಡಿಯೇಟರ್‌ನ ಸಣ್ಣ ನಳಿಗೆಗಳಲ್ಲೂ ಕೂರುತ್ತದೆ, ಆಮೇಲೆ ಇಂಜಿನ್ ತಣ್ಣಗಾಗೋದಿಲ್ಲ. ದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಹಾಕಿದ್ದು ಸರಿ. ಈಗ ಅದನ್ನು ಪೂರ್ತಿ ತೆಗೆಸಿ, ಒಳಗೆ ತೊಳೆಸಿ, ಕೂಲಂಟ್ (ಇಂಜಿನ್ ತಣ್ಣಗಿಡೋ ದ್ರವ) ಹಾಕಿಸಿ. ಕೂಲಂಟಿಗೆ ಬೆರೆಸಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಮತ್ತೆ, ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಯಾವತ್ತೂ ಮುಟ್ಟಬೇಡಿ. ಒಳಗಿನ ಕುದಿಯೋ ನೀರು ಮುಖಕ್ಕೇ ಹಾರುತ್ತದೆ. ಸುಟ್ಟುಕೊಂಡವರನ್ನು ನಾನೇ ನೋಡಿದ್ದೇನೆ.

ಮೊದಲ ತಿಂಗಳು ಏನೂ ಬಿಚ್ಚಬೇಡಿ. ಸುಮ್ನೆ ನೋಡಿ. ವಾರಕ್ಕೊಮ್ಮೆ ಬೆಳಿಗ್ಗೆ, ಕಾರು ಸಮ ಜಾಗದಲ್ಲಿ ನಿಂತಿರುವಾಗ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯೋ ಕಡ್ಡಿ, ಎಳೆಯಿರಿ, ಬಟ್ಟೆಯಿಂದ ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹಾಗೇ ಕೂಲಂಟ್ ಡಬ್ಬಿ, ಬ್ರೇಕ್ ಆಯಿಲ್ ಡಬ್ಬಿ. ನೋಡಿದ್ದನ್ನು ತಾರೀಕು ಹಾಕಿ ಬರೆದಿಡಿ. ಆಯಿಲ್ ಎಲ್ಲಾದರೂ ಸೋರುತ್ತಿದ್ದರೆ ಬರೆದಿಟ್ಟ ಲೆಕ್ಕವೇ ಹೇಳುತ್ತದೆ.

ಎರಿಹೊಲದವ:
ಸ್ಟೆಪ್ನಿ ಹಾಕೋದನ್ನು ಮನೆ ಮುಂದೆಯೇ ಒಂದು ಸಲ ಮಾಡಿ ನೋಡಿ ಅಕ್ಕಾ. ಟೈರ್ ನೆಲದ ಮೇಲೆ ಇರುವಾಗಲೇ ನಟ್ ಸಡಿಲ ಮಾಡಬೇಕು, ಆಮೇಲೆ ಜ್ಯಾಕ್. ಬೀಳಗಿ ಹತ್ತಿರ ರಸ್ತೆ ಬಿಟ್ಟು ಎರಿ ಮಣ್ಣಿನ ಮೇಲೆ ಜ್ಯಾಕ್ ಇಟ್ಟಿದ್ದೆ. ಮೆಲ್ಲಗೆ ಒಂದು ಕಡೆ ಹೂತು ಕಾರು ವಾಲಿತು. ಕೈ ಆಗಷ್ಟೇ ಹೊರಗೆ ತೆಗೆದಿದ್ದೆ. ಅವತ್ತಿನಿಂದ ಡಿಕ್ಕಿಯಲ್ಲಿ ಒಂದು ದಪ್ಪ ಹಲಗೆ ಇಟ್ಟಿರುತ್ತೇನೆ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಲೇಬೇಡಿ.

ವಿಜಯಪುರದ ಟೀಚರ್:
ತುಂಬಾ ಥ್ಯಾಂಕ್ಸ್ ಅಣ್ಣಾ, ಇಬ್ಬರಿಗೂ. ಶನಿವಾರ ಶಾಲೆ ಬಿಟ್ಟ ಮೇಲೆ ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಂತು ರೇಡಿಯೇಟರ್ ತೊಳೆಸಿದೆ. ಮೊದಲು ಬಂದ ನೀರು ಕೆಂಪು ಮಣ್ಣಿನ ಬಣ್ಣ. ಇವತ್ತು ಬೆಳಿಗ್ಗೆ ಡಿಪ್‌ಸ್ಟಿಕ್ ನೋಡಿದೆ. ಆಯಿಲ್ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು, ಎದೆ ಧಸಕ್ ಅಂತು. ಕಾರಿನ ಪುಸ್ತಕದಲ್ಲಿ ಬರೆದಿರುವ ಗ್ರೇಡಿನ ಆಯಿಲ್ ತಂದು ಸ್ವಲ್ಪ ಸ್ವಲ್ಪವೇ ಹಾಕಿದೆ, ಪ್ರತಿ ಸಲ ಅಳೆದು ನೋಡಿದೆ. ಈಗ ನಡುವೆ ಬಂದಿದೆ. ಅವ್ವ ಪಕ್ಕದಲ್ಲಿ ನಿಂತು ಇದೇನು, ಅದೇನು ಅಂತ ಕೇಳುತ್ತಿದ್ದಳು. ನಾಲ್ಕು ಭಾಗಗಳ ಹೆಸರು ಹೇಳಿದೆ. ಇನ್ನೊಂದು ಸಂಶಯ: ಬ್ರೇಕ್ ಆಯಿಲ್ ಮಟ್ಟ ಸರಿ ಇದೆ, ಆದರೆ ಬಣ್ಣ ಕಪ್ಪು ಚಹಾದ ಹಾಗಿದೆ. ಬದಲಿಸಬೇಕಾ?

ಬಾಗಲಕೋಟೆ ಮೆಕ್ಯಾನಿಕ್:
ಹೌದು, ಬದಲಿಸಿ. ಅದು ಗಾಳಿಯಲ್ಲಿರೋ ತೇವ ಎಳೆದುಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಹೊಸದು ಹಾಕಬೇಕು. ಈ ಕೆಲಸ ಮಾತ್ರ ಗ್ಯಾರೇಜಿನಲ್ಲೇ ಮಾಡಿಸಿ, ಪೈಪಿನಲ್ಲಿ ಗಾಳಿ ಉಳಿದರೆ ಬ್ರೇಕ್ ಹಿಡಿಯೋದಿಲ್ಲ. ಮೊನ್ನೆಯ ಹಾಗೆ ಪಕ್ಕದಲ್ಲೇ ನಿಂತು ನೋಡಿ. ತಿಂಗಳು ಮುಗಿದ ಮೇಲೆ ಏರ್ ಫಿಲ್ಟರ್ (ಇಂಜಿನ್‌ಗೆ ಹೋಗೋ ಗಾಳಿಯ ಧೂಳು ಸೋಸೋದು) ಬಿಚ್ಚೋಣ, ಅದನ್ನು ನೀವೇ ಮಾಡಬಹುದು.