‘ಸ್ವೆಟ್‌ಶಾಪ್’ಗೆ ‘ಬೆವರಂಗಡಿ’ ಆದೀತೇ?

ಗೆಳೆಯರೇ,

ನ್ಯೂಯಾರ್ಕಿನ ಟ್ರಯಾಂಗಲ್ ಕಾರ್ಖಾನೆಯ ಬೆಂಕಿ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. 1911ರ ಮಾರ್ಚ್ 25ರಂದು ಅಲ್ಲಿ 146 ಜನ ಸತ್ತರು. ಹೆಚ್ಚಿನವರು ಹೊಲಿಗೆ ಕೆಲಸದ ಹುಡುಗಿಯರು. ಹೊರಗೆ ಹೋಗುವ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಲೇಖನದ ತುಂಬ ‘ಸ್ವೆಟ್‌ಶಾಪ್’ (ಕಡಿಮೆ ಕೂಲಿಗೆ ವಿಪರೀತ ದುಡಿಸುವ ಜಾಗ) ಅನ್ನುವ ಪದ. ಇದಕ್ಕೆ ‘ಬೆವರಂಗಡಿ’ ಹಾಕು ಅಂತ ಒಬ್ಬರು ಹೇಳಿದರು. ಬೆವರು ಮಾರುವ ಅಂಗಡಿ ಅನಿಸುತ್ತದೆ, ಅಲ್ವಾ?

ಆ ‘ಶಾಪ್’ ಅಂಗಡಿಯಲ್ಲ, ವರ್ಕ್‌ಶಾಪ್‌ನ ಶಾಪ್. ಅದು ಬಿಡಿ. ತೊಡಕಿರುವುದು ಬೆವರಿನಲ್ಲಿ. ‘ಬೆವರು ಸುರಿಸಿ ದುಡಿದ ದುಡ್ಡು’ ಅನ್ನುವಾಗ ನಮ್ಮಲ್ಲಿ ಹೆಮ್ಮೆ ಇದೆ. ಇಂಗ್ಲಿಷಿನ ಪದ ಹುಟ್ಟಿದ್ದು ಬೆವರುವವರಿಂದಲ್ಲ, ಬೆವರಿಸುವವನಿಂದ. 19ನೇ ಶತಮಾನದ ಲಂಡನ್ನಿನ ಈಸ್ಟ್ ಎಂಡ್‌ನಲ್ಲಿ ‘ಸ್ವೆಟರ್’ ಅಂದರೆ ನಡುವಿನ ಗುತ್ತಿಗೆದಾರ. (ಚಳಿಗೆ ಹಾಕಿಕೊಳ್ಳುವ ಸ್ವೆಟರ್‌ಗೂ ಬೆವರೇ ಮೂಲ, ಆ ಕಥೆ ಬೇರೆ.) ಬಟ್ಟೆ ವ್ಯಾಪಾರಿಯಿಂದ ಕತ್ತರಿಸಿದ ಬಟ್ಟೆ ತಂದು, ಇಕ್ಕಟ್ಟಾದ ಕೋಣೆಯಲ್ಲಿ ನಾಲ್ಕು ಜನರನ್ನು ಕೂರಿಸಿ ಹೊಲಿಸುತ್ತಿದ್ದ. ಪೀಸಿನ ಲೆಕ್ಕದಲ್ಲಿ ಕೂಲಿ. ಕೂಲಿ ಇಳಿಸಿದಷ್ಟೂ ಅವನ ಜೇಬಿಗೆ ಜಾಸ್ತಿ. 1890ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯ ಸಮಿತಿ ಇದರಲ್ಲಿ ಗುರುತಿಸಿದ ಕೇಡು ಮೂರು: ಹೊಟ್ಟೆಗೂ ಸಾಲದ ಕೂಲಿ, ಕೊನೆಯಿಲ್ಲದ ದುಡಿತ, ಗಲೀಜು ಜಾಗ.

ಆಮೇಲೆ ಪದ ಸಡಿಲವಾಯಿತು. ಟ್ರಯಾಂಗಲ್ ಇದ್ದದ್ದು ಮನೆಯ ಕೋಣೆಯಲ್ಲಲ್ಲ, ಹತ್ತು ಮಹಡಿಯ ಕಟ್ಟಡದ ಮೇಲಿನ ಮೂರು ಮಹಡಿಗಳಲ್ಲಿ. ಈಗಂತೂ ಎಸಿ ಆಫೀಸಿನವರೂ ಕೆಲಸ ಹೆಚ್ಚಾದರೆ ‘ಇದು ಸ್ವೆಟ್‌ಶಾಪ್’, ‘ಸ್ಲೇವ್ ಲೇಬರ್’ ಅಂತ ಗೊಣಗುತ್ತಾರೆ. ನಾವು ‘ಜೀತ ಮಾಡ್ತಿದೀನಿ’ ಅನ್ನುತ್ತೇವಲ್ಲ, ಹಾಗೆ.

ಆದರೆ ಅನುವಾದದಲ್ಲಿ ಸುಮ್ನೆ ‘ಜೀತ’ ಅಂತ ಹಾಕಲಾರೆ. ಜೀತ ಅಂದರೆ ಸಾಲಕ್ಕೆ ಕಟ್ಟಿಬಿದ್ದ ದುಡಿಮೆ. 1976ರ ಕಾಯ್ದೆ ರದ್ದು ಮಾಡಿದ್ದು ಅದನ್ನು. ಟ್ರಯಾಂಗಲ್‌ನವರು ಕೂಲಿಗೆ ಬಂದವರು, 1909ರಲ್ಲಿ ಮುಷ್ಕರವನ್ನೂ ಹೂಡಿದ್ದರು. ‘ಬೆವರಿಳಿಸು’ ಅರ್ಥಕ್ಕೆ ಹತ್ತಿರ. ಆದರೆ ‘ಅಧಿಕಾರಿಗಳ ಬೆವರಿಳಿಸಿದ ಶಾಸಕ’ ಅಂತ ಟಿವಿಯವರು ಬಳಸಿ ಬಳಸಿ ಅದು ಬೈಗುಳಕ್ಕೆ ಸಂದುಹೋಗಿದೆ. ಸದ್ಯಕ್ಕೆ ‘ಜೀವ ಹಿಂಡುವ ಕಾರ್ಖಾನೆ’ ಅಂತ ಬರೆದಿದ್ದೇನೆ. ‘ಹಿಂಡು’ ಅಂದಾಗ ಹಿಂಡುವವನೊಬ್ಬ ಇದ್ದಾನೆ ಅಂತ ಗೊತ್ತಾಗುತ್ತದೆ. ಉದ್ದವಾಯಿತು, ನಿಜ.

ದಕ್ಷಿಣ ಕನ್ನಡದವರಿಗೆ ಒಂದು ಪ್ರಶ್ನೆ. ಬೀಡಿ ಕೆಲಸವೂ ಹೆಚ್ಚುಕಡಿಮೆ ಇದೇ ಏರ್ಪಾಡು. ಗುತ್ತಿಗೆದಾರ ಎಲೆ, ತಂಬಾಕು ತೂಗಿ ಕೊಡುತ್ತಾನೆ, ಹೆಂಗಸರು ಮನೆಯಲ್ಲಿ ಕಟ್ಟುತ್ತಾರೆ, ಸಾವಿರಕ್ಕೆ ಇಷ್ಟು ಅಂತ ಕೂಲಿ. ಸರಿಯಿಲ್ಲ ಅಂತ ತೆಗೆದುಹಾಕಿದ ಬೀಡಿಗೆ ದುಡ್ಡಿಲ್ಲ. ಹೀಗೆ ಹಿಂಡುವ ಗುತ್ತಿಗೆದಾರನನ್ನು ಕಟ್ಟುವವರು ತಮ್ಮತಮ್ಮಲ್ಲಿ ಏನಂತ ಕರೆಯುತ್ತಾರೆ? ತುಳುವಿನ ಮಾತಾದರೂ ಸರಿ, ತಿಳಿಸಿ.