ಗೊಬ್ಬರ ಹಾಕಿದ ಪಾತಿಯಲ್ಲಿ ವಾಲಿ ಬೀಳುವ ಬ್ಲೂಸ್ಟೆಮ್ ಹುಲ್ಲು: ಗುರುತಿಸಲು ನೆರವು ಬೇಕು

ಪ್ರಶ್ನೆ:
ನಮಸ್ಕಾರ. ನಾವು ಅಮೆರಿಕದ ಕಾನ್ಸಾಸ್ ರಾಜ್ಯದ ಫ್ಲಿಂಟ್ ಹಿಲ್ಸ್ ಪ್ರದೇಶದಲ್ಲಿದ್ದೇವೆ. ಬಿಗ್ ಬ್ಲೂಸ್ಟೆಮ್ ಎಂದು ಕೊಟ್ಟ ಬೀಜವನ್ನು ಮೂರು ವರ್ಷಗಳ ಹಿಂದೆ ಗೊಬ್ಬರ ಬೆರೆಸಿದ ಪಾತಿಯಲ್ಲಿ ಬಿತ್ತಿದೆವು. ಆಳೆತ್ತರ ಬೆಳೆಯಬೇಕಾದ ಹುಲ್ಲು ಸೊಂಟದ ಮಟ್ಟಕ್ಕೇ ನಿಂತಿದೆ. ವಾರಕ್ಕೆರಡು ಬಾರಿ ನೀರುಣಿಸುತ್ತಿದ್ದರೂ ಆಗಸ್ಟ್ ಬರುವ ಹೊತ್ತಿಗೆ ಹಿಂಡು ನಡುವಿನಿಂದ ಬಿಚ್ಚಿಕೊಂಡು ನಾಲ್ಕೂ ಕಡೆ ವಾಲುತ್ತದೆ. ಮನೆಯ ಹಿಂದಿನ ಸುಣ್ಣಕಲ್ಲಿನ ದಿಬ್ಬದ ಮೇಲೆ ಯಾರೂ ನೀರು ಹಾಕದ ಇಂಥದೇ ಹುಲ್ಲು ನೆಟ್ಟಗೆ ನಿಂತಿದೆ. ಇದು ಯಾವ ಹುಲ್ಲು?

ಉತ್ತರ:
ದಯವಿಟ್ಟು ಬಣ್ಣವನ್ನು ನೆಚ್ಚಬೇಡಿ, ನೀಲಿ ಛಾಯೆ ಬಿಗ್ ಬ್ಲೂಸ್ಟೆಮ್ ಮತ್ತು ಅದನ್ನು ಹೋಲುವ ಲಿಟಲ್ ಬ್ಲೂಸ್ಟೆಮ್ ಎರಡರಲ್ಲೂ ಇರುತ್ತದೆ. ಬಿಗ್ ಬ್ಲೂಸ್ಟೆಮ್‌ನ ಕಾಂಡದ ತುದಿಯಲ್ಲಿ ಸಾಮಾನ್ಯವಾಗಿ ಮೂರು ಕವಲುಗಳು ಟರ್ಕಿ ಕೋಳಿಯ ಪಾದದಂತೆ ಹರಡಿರುತ್ತವೆ. ಲಿಟಲ್ ಬ್ಲೂಸ್ಟೆಮ್‌ನಲ್ಲಾದರೆ ಒಂದೊಂದು ಕಡ್ಡಿಗೆ ಒಂದೇ ತೆಳುವಾದ ತೆನೆಯಿದ್ದು, ಮಾಗಿದ ಮೇಲೆ ಅದರ ಬಿಳಿಯ ನವಿರು ರೋಮಗಳು ಬಿಸಿಲಿಗೆ ಹೊಳೆಯುತ್ತವೆ. ಎಳೆಯ ಕಾಂಡದ ಬುಡವನ್ನು ಎರಡು ಬೆರಳುಗಳ ನಡುವೆ ಹಿಡಿದು ಹೊರಳಿಸಿ ನೋಡಿ: ಲಿಟಲ್ ಆಗಿದ್ದರೆ ಚಪ್ಪಟೆಯಾಗಿರುವುದರಿಂದ ಸಲೀಸಾಗಿ ಉರುಳುವುದಿಲ್ಲ. ತುದಿಯಲ್ಲಿ ಹಲವು ತೆನೆಗಳು ಬೀಸಣಿಗೆಯಂತೆ ಹರಡಿದ್ದರೆ ಮಾತ್ರ ಎಚ್ಚರವಿರಲಿ, ಅದು ಹೊರದೇಶದಿಂದ ಬಂದು ಹುಲ್ಲುಗಾವಲನ್ನು ಆಕ್ರಮಿಸುತ್ತಿರುವ ಯೆಲ್ಲೋ ಬ್ಲೂಸ್ಟೆಮ್ ಇದ್ದೀತು.

ಪ್ರಶ್ನೆ ಕೇಳಿದವರು:
ಬುಡ ಚಪ್ಪಟೆಯಾಗಿಯೇ ಇದೆ, ಕಡ್ಡಿಗೊಂದೇ ತೆನೆಯಿದೆ. ಆದರೆ ದಿಬ್ಬದ ಕೆಳಗಿನ ಹಳ್ಳದ ಬದಿಯಲ್ಲಿ ನನಗಿಂತ ಎತ್ತರವಾದ, ಮೂರು ಕವಲಿನ ಹುಲ್ಲನ್ನೂ ಕಂಡೆ.

ಉತ್ತರ:
ಹಾಗಾದರೆ ಪಾತಿಯಲ್ಲಿರುವುದು ಲಿಟಲ್ ಬ್ಲೂಸ್ಟೆಮ್, ಹಳ್ಳದ ಬದಿಯದು ಬಿಗ್ ಬ್ಲೂಸ್ಟೆಮ್. ಎರಡೂ ಅಲ್ಲಿಯ ಮೂಲದ ಬಹುವಾರ್ಷಿಕ ಹುಲ್ಲುಗಳೇ. ಆಳವಾದ, ತೇವ ಹಿಡಿದಿಡುವ ಮಣ್ಣಿನಲ್ಲಿ ಬಿಗ್ ಹುಲುಸಾಗಿ ಬೆಳೆದರೆ, ನೀರು ಬೇಗ ಬಸಿದುಹೋಗುವ ಕಲ್ಲುಮಣ್ಣಿನಲ್ಲಿ ಲಿಟಲ್ ಗಟ್ಟಿಯಾಗಿ ನಿಲ್ಲುತ್ತದೆ. ಫ್ಲಿಂಟ್ ಹಿಲ್ಸ್‌ನ ಎತ್ತರವಾಗಿ ಬೆಳೆಯುವ ಹುಲ್ಲಿನ ಬಯಲು ನೇಗಿಲಿನಿಂದ ಉಳಿದುಕೊಂಡದ್ದೂ ಮಣ್ಣು ತೆಳುವಾಗಿ, ಕೆಳಗೆ ಸುಣ್ಣಕಲ್ಲು ಮತ್ತು ಚೆರ್ಟ್ ಎಂಬ ಗಡಸು ಕಲ್ಲು ತುಂಬಿದ್ದರಿಂದಲೇ. ನಿಮ್ಮ ಪಾತಿಯಲ್ಲಿ ಗೊಬ್ಬರ, ನೀರು ಎರಡೂ ಹೆಚ್ಚಾಗಿ ಕಾಂಡ ಮೆದುವಾಗಿದೆ. ಗೊಬ್ಬರ ಹೆಚ್ಚಾದ ಜೋಳ ಗಾಳಿಗೆ ಮಲಗುವುದನ್ನು ಊರಿನಲ್ಲಿ ನೋಡಿರುತ್ತೀರಿ; ಜೋಳವೂ ಈ ಹುಲ್ಲುಗಳೂ ಆಂಡ್ರೋಪೋಗೋನಿಯೆ ಎಂಬ ಒಂದೇ ಗುಂಪಿನವು. ಇನ್ನು ಗೊಬ್ಬರ ಹಾಕಬೇಡಿ, ನೀರನ್ನೂ ನಿಲ್ಲಿಸಿ. ಚಳಿಗಾಲದಲ್ಲಿ ತಾಮ್ರದ ಬಣ್ಣಕ್ಕೆ ತಿರುಗಿದ ಹುಲ್ಲನ್ನು ಹಾಗೆಯೇ ಬಿಟ್ಟು, ವಸಂತದ ಹೊಸ ಚಿಗುರು ಬರುವ ಮುನ್ನ ಕತ್ತರಿಸಿ. ಬೇಸಿಗೆಯ ಹುಲ್ಲಾದ್ದರಿಂದ ಚಿಗುರು ತಡವಾಗಿ ಬರುತ್ತದೆ, ಸತ್ತಿತೆಂದು ಕೀಳಬೇಡಿ. ಪಾತಿಗೆ ಇಡೀ ದಿನ ಬಿಸಿಲು ಬೀಳದಿದ್ದರೆ ವಸಂತದಲ್ಲೇ ಕೆಲವು ಹಿಂಡುಗಳನ್ನು ಬೇರುಸಹಿತ ತೆಗೆದು ದಿಬ್ಬದ ಅಂಚಿಗೆ ನೆಡಿ.